ಗೇಟಿನಾಚೆ ನಿಂತ ಹೋಲ್ಡನ್

ನನ್ನ ಗಂಡ ರೆಕ್ಸ್‌ನ ಲೋಕ ಈಗ ಒಂದು ಪ್ಲಾಸ್ಟಿಕ್ ಕೊಳವೆಯಷ್ಟು ಉದ್ದ. ಮಲಗುವ ಕೋಣೆಯ ಮೂಲೆಯಲ್ಲಿ ಆಕ್ಸಿಜನ್ ಯಂತ್ರ ಹಗಲಿರುಳೂ ಗುರುಗುಟ್ಟುತ್ತಿರುತ್ತದೆ. ಅದರಿಂದ ಹೊರಟ ಕೊಳವೆ ಇವನ ಮೂಗಿಗೆ ಸಿಕ್ಕಿಕೊಂಡು ಮನೆಯೆಲ್ಲ ಹರಿದಾಡುತ್ತದೆ. ಬಚ್ಚಲಿಗೆ ಮುಟ್ಟುತ್ತದೆ, ಅಡುಗೆಮನೆಗೆ ಮುಟ್ಟುತ್ತದೆ, ಹಿತ್ತಲ ಬಾಗಿಲ ಹೊಸ್ತಿಲಿಗೆ ಬಂದು ಬಿಗಿಯಾಗಿಬಿಡುತ್ತದೆ. ಹೊಸ್ತಿಲಾಚೆ ಅಂಗಳ, ಅಂಗಳದಾಚೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಅವನ ಎರಡು ಬಾಗಿಲಿನ ಹಳೆಯ ಫೋರ್ಡ್ ಫಾಲ್ಕನ್ ಕಾರು. ದಿನಾ ಬೆಳಿಗ್ಗೆ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಶೆಡ್ಡಿನ ಕಡೆ ಮುಖ ಮಾಡಿ ಕೂರುತ್ತಾನೆ. ಕಟ್ಟಿಹಾಕಿದ ನಾಯಿಯೂ ಹಗ್ಗದ ತುದಿಗೆ ಬಂದೇ ಕೂರುವುದು.

“ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ ನಿಂಗೆ” ಎಂದು ಛೇಡಿಸಿದರೆ, “ಮೂಗುತಿ ಹಾಕ್ಕೊಂಡ ಮೇಲೆ ನಿನಗಿಂತ ಚೆನ್ನಾಗಿ ಕಾಣ್ತೀನಿ, ಹೊಟ್ಟೆಕಿಚ್ಚು ನಿಂಗೆ” ಎನ್ನುತ್ತಾನೆ. ಅಷ್ಟು ಹೇಳುವುದಕ್ಕೆ ಎರಡು ಸಲ ಉಸಿರು ಎಳೆದುಕೊಳ್ಳಬೇಕು.

ವಾಲರೂ ಬಂದರಿನ ಗೋದಿ ಕಣಜಗಳಲ್ಲಿ ಜೀವಮಾನವೆಲ್ಲ ದುಡಿದ. ಗೋದಿಯ ಧೂಳು ಸಾಲದೆಂದು ಸಿಗರೇಟನ್ನೂ ಸೇದಿದ. ನಾನು ಬಡಕೊಂಡೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ! ಈಗ ಅವನು ಕೊಳವೆಗೆ ಕಟ್ಟುಬಿದ್ದಿದ್ದಾನೆ, ನಾನು ಅವನಿಗೆ ಕಟ್ಟುಬಿದ್ದಿದ್ದೇನೆ. ಮಾಂಸದ ಕಡುಬು ಮಾರುವ ಪಾಸ್ಟಿ ಅಂಗಡಿಗೆ ಹೋಗಿ ಬರುವಷ್ಟು ಹೊತ್ತು ಮನೆ ಬಿಟ್ಟರೂ ಎದೆ ಢವಗುಟ್ಟುತ್ತದೆ, ಕರೆಂಟು ಹೋದರೆ ಏನು ಗತಿ ಎಂದು. ಸುಳ್ಳೇಕೆ ಹೇಳಲಿ, ಕೆಲವು ದಿನ ಅಂಗಡಿಯ ಬಾಗಿಲಲ್ಲಿ ಪೊಟ್ಟಣ ಹಿಡಿದು ನಿಂತಾಗ, ಹೀಗೇ ನಡೆದು ಎಲ್ಲಾದರೂ ಹೊರಟುಹೋಗಲೇ ಎಂದೂ ಅನಿಸಿದೆ. ಆಮೇಲೆ ಪಾಸ್ಟಿ ಆರಿಹೋಗುತ್ತದೆ ಎಂದು ಓಡೋಡಿ ಬರುತ್ತೇನೆ.

ಆ ಫಾಲ್ಕನ್ ಕಥೆಯನ್ನೂ ಹೇಳಬೇಕು. ಮದುವೆಗೆ ಮುಂಚೆ ಕೊಂಡದ್ದು. ಮೂಂಟಾ ಊರಿನಲ್ಲಿ ಅದು ಗುಡುಗುತ್ತ ಹೋದರೆ ಹುಡುಗಿಯರು ಕಿಟಕಿಗೆ ಬರುತ್ತಿದ್ದರಂತೆ. ಹೇಳಿದವನು ಅವನೇ, ನಾನು ಕಂಡಿಲ್ಲ. ಮಕ್ಕಳು ಹುಟ್ಟಿದ ಮೇಲೆ ರೇಡಿಯೇಟರು ಸೋರತೊಡಗಿತು. “ಮುಂದಿನ ಬೇಸಿಗೆಗೆ ರಿಪೇರಿ ಮಾಡ್ತೀನಿ” ಎಂದು ಶೆಡ್ಡಿಗೆ ತಳ್ಳಿದ. ಎಷ್ಟು ಬೇಸಿಗೆ ಬಂದವೋ ಎಷ್ಟು ಹೋದವೋ. ಹಿಂದಿನ ಸೀಟಿನಲ್ಲಿ ನನ್ನ ಕೋಳಿಗಳು ಕಾವು ಕೂತು ಮರಿ ಮಾಡಿದವು. ಕೋಣೆ ಕೂಸು ಕೊಳೆಯಿತು, ಓಣಿ ಕೂಸು ಬೆಳೆಯಿತು ಅನ್ನುತ್ತಾರಲ್ಲ, ಹಾಗೆ ಕೋಣೆಯೊಳಗಿನ ಕಾರು ಕೊಳೆಯಿತು.

ಕೆಲಸದಿಂದ ನಿವೃತ್ತನಾದ ಮೇಲೆ ಅವನಿಗೆ ಹುಚ್ಚು ಹಿಡಿಯಿತು. ತಗಡು ಬಡಿದ, ತುಕ್ಕು ಕೆರೆದ, ಕಡುನೀಲಿ ಬಣ್ಣ ಹೊಡೆದ. ಸೀಟುಗಳಿಗೆ ಹೊಸ ಹೊದಿಕೆ ಹೊಲಿದವಳು ನಾನು. ಸೂಜಿ ಚುಚ್ಚಿದ ಗುರುತು ಈಗಲೂ ಬೆರಳಲ್ಲಿದೆ. ಎಲ್ಲ ಮುಗಿಸಿ ಕೊನೆಗೆ ಎಂಜಿನ್ ಬಿಚ್ಚಿದರೆ ಒಳಗೆಲ್ಲ ಜರಡಿ. ಈ ಪುಣ್ಯಾತ್ಮ ಆ ಕಾಲದಲ್ಲಿ ರೇಡಿಯೇಟರಿಗೆ ನಮ್ಮ ಉಪ್ಪು ಬೋರ್ ನೀರು ಸುರಿದಿದ್ದ! ಆ ನೀರು ಎಂಜಿನ್ನಿನಲ್ಲೇ ನಿಂತು ಕಬ್ಬಿಣವನ್ನು ತಿಂದುಹಾಕಿತ್ತು. ಬೆಸುಗೆ ಹಾಕುವುದಕ್ಕೂ ಲಾಯಕ್ಕಿರಲಿಲ್ಲ. ಅದೇ ಚಳಿಗಾಲದಲ್ಲಿ ಇವನ ಎದೆಯೂ ಕೈಕೊಟ್ಟಿತು, ಕೊಳವೆ ಬಂತು.

“ಒಂದ್ಸಲ ಸಮುದ್ರದ ಹತ್ರ, ಜೆಟ್ಟಿವರೆಗೆ. ಅಷ್ಟೇ ಗ್ಲೆನ್. ಫಾಲ್ಕನ್‌ನಲ್ಲಿ ಹೋಗ್ಬೇಕು, ಗೇರು ನಾನೇ ಹಾಕ್ಬೇಕು” ಎಂದ ಒಂದು ದಿನ, ಹೊಸ್ತಿಲಲ್ಲಿ ಕೂತು.

“ಆಮೇಲೆ?”

“ಆಮೇಲೆ ನಿಂಗೆ ಬಿಟ್ಟಿದ್ದು. ಬೇಕಾದ್ರೆ ಮತ್ತೆ ಕೋಳಿ ಸಾಕು.”

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಕ್ರಿಸ್ಮಸ್ ಕಾಣುವುದು ಕಷ್ಟ ಎಂದಿದ್ದರು. ರೆಕ್ಸ್‌ಗೆ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅವನೇನು ಎಳೆ ಮಗುವೇ?

ಎಂಜಿನ್ ಹುಡುಕಿಕೊಡುತ್ತೇನೆಂದು ಒಪ್ಪಿಕೊಂಡವನು ಡಡ್ಲಿ. ಊರಿನ ಹಳೆ ಕಾರುಗಳ ಕ್ಲಬ್ಬಿಗೆ ಅವನೇ ಅಧ್ಯಕ್ಷ, ರೆಕ್ಸ್‌ಗೆ ಚಡ್ಡಿ ದೋಸ್ತು. “ಪೋರ್ಟ್ ಅಗಸ್ಟಾದಲ್ಲಿ ಒಬ್ಬನ ಹತ್ರ ಅಸಲಿ ಫೋರ್ಡ್ ಎಂಜಿನ್ ಇದೆ ಗುರೂ. ಅದೇ ವರ್ಷದ್ದು. ಮುಂದಿನ ತಿಂಗಳು ಬಂದ್ಬಿಡುತ್ತೆ” ಎಂದ. ಮುಂದಿನ ತಿಂಗಳೂ ಅದನ್ನೇ ಹೇಳಿದ. ಅದರ ಮುಂದಿನ ತಿಂಗಳು ಹೆಂಡತಿಯನ್ನೂ ಕ್ಯಾರವಾನ್ ಮನೆಗಾಡಿಯನ್ನೂ ಕಟ್ಟಿಕೊಂಡು, ನಮ್ಮ ಜೂನ್ ಚಳಿಗೆ ಹೆದರಿ ಎಲ್ಲ ಮುದುಕರೂ ಹೋಗುವ ಹಾಗೆ ಉತ್ತರದ ಬಿಸಿಲಿಗೆ ಹೊರಟೇಹೋದ. ಎಂಜಿನ್ ಪೋರ್ಟ್ ಅಗಸ್ಟಾದಲ್ಲೇ ಉಳಿಯಿತು. ಹೊಸ್ತಿಲಲ್ಲಿ ಕುರ್ಚಿ, ಕುರ್ಚಿಯಲ್ಲಿ ಇವನು.

ನಾನು ತಡೆಯಲಾರದೆ ಕೇಳಿದೆ: “ಬೇರೆ ಯಾವ್ದಾದ್ರೂ ಎಂಜಿನ್ ಹಾಕಿದ್ರೆ ಆಗಲ್ವಾ?”

“ಬೇರೆ ಅಂದ್ರೆ?”

“ನೆವ್ ಹತ್ರ ಅಪ್ಪನ ಮೊನಾರೊ ಎಂಜಿನ್ ಇದೆ. ಸುಮ್ನೆ ಬಿದ್ದಿದೆ.” ನೆವ್ ನನ್ನ ತಮ್ಮ, ಮೊನಾರೊ ನನ್ನಪ್ಪನ ಹೋಲ್ಡನ್ ಕಾರು.

ಹಾವು ತುಳಿದವನ ಹಾಗೆ ನೋಡಿದ. “ಫೋರ್ಡ್ ಒಳಗೆ ಹೋಲ್ಡನ್ನಾ? ನನ್ನ ಹೆಣ ಬಿದ್ರೂ ಬೇಡ.”

“ಅದೇ ಬೀಳೋ ಹಾಗಿದೆಯಲ್ಲೋ ಮಾರಾಯಾ!” ಎಂದುಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ. ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ನಾನು ಬೆನ್ನು ತಿಕ್ಕುತ್ತ ಅತ್ತೆ.

ಇಲ್ಲಿಯವರಿಗೆ ಇದನ್ನು ಹೇಳಬೇಕಾಗಿಲ್ಲ, ಹೊರಗಿನವರು ನಂಬುವುದಿಲ್ಲ. ನಮ್ಮಲ್ಲಿ ಚರ್ಚು ಬೇರೆಯಾದರೂ ಮದುವೆಯಾಗುತ್ತದೆ, ಕಾರು ಬೇರೆಯಾದರೆ ಕಷ್ಟ. ಫೋರ್ಡಿನವರು, ಹೋಲ್ಡನ್ನಿನವರು ಎಂದು ಊರೇ ಎರಡು ಪಾಲು. ನನ್ನ ಅಪ್ಪ ಲೆನ್, ಎಲಿಜಬೆತ್ ಊರಿನ ಹೋಲ್ಡನ್ ಕಾರ್ಖಾನೆಯಲ್ಲಿ ಬಾಗಿಲು ಕೂರಿಸುತ್ತಿದ್ದವನು. ರೆಕ್ಸ್‌ನ ಅಪ್ಪ, ನನ್ನ ಮಾವ, ಫೋರ್ಡ್ ಬಿಟ್ಟು ಬೇರೆ ಕಾರಿನ ನೆರಳನ್ನೂ ತುಳಿಯದವನು. ಮದುವೆಯ ದಿನ ಚರ್ಚಿನಿಂದ ಹಾಲ್‌ಗೆ ಮದುಮಗಳು ಯಾರ ಕಾರಿನಲ್ಲಿ ಹೋಗಬೇಕು ಎಂದು ಜಗಳ ಹತ್ತಿತು. ಅಪ್ಪ ಮೊನಾರೊ ಬಾಗಿಲು ತೆರೆದು ನಿಂತ, ಮಾವ ಫಾಲ್ಕನ್ ಬಾಗಿಲು ತೆರೆದು ನಿಂತ. ಇಬ್ಬರೂ ಬಗ್ಗಲಿಲ್ಲ. ನನಗೆ ರೇಗಿಹೋಯಿತು. ಬಿಳಿ ಗೌನು ಎತ್ತಿ ಹಿಡಿದುಕೊಂಡು, ಎತ್ತರ ಹಿಮ್ಮಡಿಯ ಬೂಟಿನಲ್ಲಿ, ಮೂಂಟಾದ ಕೆಂಪು ಧೂಳಿನಲ್ಲಿ ನಡೆದೇ ಹೋದೆ. ಎಡಗಡೆ ಹೋಲ್ಡನ್, ಬಲಗಡೆ ಫೋರ್ಡ್, ಎರಡೂ ನನ್ನ ನಡಿಗೆಗೆ ಸರಿಯಾಗಿ ಉರುಳುತ್ತ ಬಂದವು. ನನ್ನ ಮದುವೆಯ ಮೆರವಣಿಗೆ ಅದೇ.

ಮಾರನೆಯ ದಿನ ಮಾವ ಮನೆಯ ಗೇಟಿಗೆ ನೀಲಿ ಫೋರ್ಡ್ ಫಲಕ ಜಡಿದ. “ಈ ಗೇಟಿನೊಳಗೆ ಹೋಲ್ಡನ್ ಬರಕೂಡದು” ಎಂದ. ಅಪ್ಪನಿಗೂ ಕೊಬ್ಬು. “ಕಾರು ಹೊರಗಾದ್ರೆ ನಾನೂ ಹೊರಗೇ” ಎಂದ. ಅಂದಿನಿಂದ ಅಪ್ಪ ನನ್ನನ್ನು ನೋಡಲು ಬಂದಾಗಲೆಲ್ಲ ಗೇಟಿನಾಚೆ ನಿಲ್ಲಿಸಿ ಎರಡು ಸಲ ಹಾರನ್ ಹೊಡೆಯುತ್ತಿದ್ದ. ಎಂಜಿನ್ ಆರಿಸುತ್ತಲೂ ಇರಲಿಲ್ಲ. ಆರಿಸಿದರೆ ಬಂದು ಕೂತ ಹಾಗಾಗುತ್ತದಂತೆ. ನಾನು ಒಳಗಿನಿಂದ ಟೀ ಒಯ್ಯುತ್ತಿದ್ದೆ. ನಮ್ಮ ಅಂಗಳ ಉದ್ದ, ಕೊಲ್ಲಿಯ ಗಾಳಿ ಜೋರು, ಗೇಟು ಮುಟ್ಟುವಷ್ಟರಲ್ಲಿ ಟೀ ತಣ್ಣಗಾಗಿರುತ್ತಿತ್ತು. ಅಪ್ಪ ಅದನ್ನೇ ಕುಡಿದು “ಚೆನ್ನಾಗಿದೆ ಮಗಳೇ” ಎನ್ನುತ್ತಿದ್ದ. ನನ್ನ ಎರಡು ಮಕ್ಕಳನ್ನೂ ಅವನು ಮೊದಲು ಎತ್ತಿಕೊಂಡದ್ದು ಆ ಗೇಟಿನಾಚೆ, ಮೊನಾರೊಗೆ ಒರಗಿಕೊಂಡು.

ಮಾವ ಸತ್ತ ಮೇಲೆ ರೆಕ್ಸ್ ಆ ಫಲಕ ಕೀಳುತ್ತಾನೆ ಅಂದುಕೊಂಡೆ. ಕೀಳಲಿಲ್ಲ. “ಅಪ್ಪ ಹಾಕಿದ್ದು” ಎಂದ. ನಾನು ಅವನಪ್ಪನನ್ನು ಮೊದಲ ದಿನದಿಂದ ಮಾವ ಎಂದೆ. ಅವನು ನನ್ನಪ್ಪನನ್ನು ಕೊನೆತನಕ “ಆ ಎಲಿಜಬೆತ್ ಮನುಷ್ಯ” ಎಂದ. ಅಪ್ಪ ಹೋಗಿ ಬಹಳ ವರ್ಷವಾಯಿತು. ಮೊನಾರೊ ಮೈ ತುಕ್ಕು ಹಿಡಿದು ಹೋಯಿತು. ಎಂಜಿನ್ ಮಾತ್ರ ನನ್ನ ತಮ್ಮ ನೆವ್‌ನ ಗ್ಯಾರೇಜಿನಲ್ಲಿ ಹಳೆ ಬೆಡ್‌ಶೀಟು ಹೊದ್ದು ನಿಂತಿತ್ತು. ತಿಂಗಳಿಗೊಮ್ಮೆ ಅದನ್ನು ಕೈಯಿಂದ ತಿರುಗಿಸಿ ಎಣ್ಣೆ ಹಾಕುತ್ತಿದ್ದ ನನ್ನ ತಮ್ಮ, ಅಪ್ಪನ ಕಾಲು ಒತ್ತುವ ಹಾಗೆ.

ಆಗಸ್ಟಿನಲ್ಲಿ ರೆಕ್ಸ್‌ಗೆ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಹಾಸಿಗೆಯಲ್ಲಿ ಮುಖ ಗೋಡೆಗೆ ತಿರುಗಿಸಿ, “ಇನ್ನು ಆ ಕಾರಿನ ಮಾತು ಬೇಡ ಗ್ಲೆನ್, ಡಡ್ಲಿಗೂ ಹೇಳ್ಬಿಡು” ಎಂದ. ಆ ಮಾತು ನನಗೆ ತಡೆಯಲಾಗಲಿಲ್ಲ. ಬೈದರೆ ತಡೆದುಕೊಳ್ಳಬಹುದು, ಆಸೆ ಬಿಟ್ಟವನನ್ನು ಹೇಗೆ ನೋಡುವುದು? ಕಾರಿಡಾರಿಗೆ ಬಂದು ತಮ್ಮನಿಗೆ ಫೋನ್ ಮಾಡಿದೆ.

“ನೆವ್, ಅಪ್ಪನ ಎಂಜಿನ್ ತಗೊಂಡು ಬಾ.”

“ಎಲ್ಲಿಗೆ?”

“ನಮ್ಮನೆಗೆ.”

“ಅಕ್ಕಾ, ಕುಡಿದಿದ್ಯೇನೇ?” ಎಂದ.

ಬಂದ. ಟ್ರೇಲರು ಕಟ್ಟಿಕೊಂಡು, ಮೇಲೆ ತಾಡಪಾಲು ಹೊದಿಸಿಕೊಂಡು. ಬಂದವನು ಗೇಟಿನಾಚೆಯೇ ನಿಲ್ಲಿಸಿ ಎರಡು ಸಲ ಹಾರನ್ ಹೊಡೆದ, ಅಪ್ಪನ ಹಾಗೆಯೇ. ಪಾತ್ರೆ ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲೇ ಹೊರಗೆ ಓಡಿದೆ.

“ಒಳಗೆ ಬಾರೋ ಪೆದ್ದ, ಅವನು ಆಸ್ಪತ್ರೆಲಿದಾನೆ!”

“ಟ್ರೇಲರಲ್ಲಿ ಅಪ್ಪ ಇದಾನೆ ಅಕ್ಕಾ. ಅವನನ್ನೂ ತರ್ಲಾ?”

ಗೇಟಿನ ಎರಡೂ ಕದ ತೆಗೆದೆ. ಅಪ್ಪನ ಎಂಜಿನ್ ಕದ್ದ ಮಾಲಿನ ಹಾಗೆ ಮುಸುಕು ಹಾಕಿಕೊಂಡು ನನ್ನ ಮನೆಯೊಳಗೆ ಬಂತು. ಸಂತೋಷಪಡಬೇಕಾಗಿತ್ತು. ನನಗೆ ಅವಮಾನವಾಯಿತು.

ನೆವ್ ಅಲ್ಲೇ ಉಳಿದು ಕೆಲಸ ಮಾಡಿದ. ಹೋಲ್ಡನ್ನಿನ ಗೇರ್‌ಬಾಕ್ಸನ್ನೂ ತಂದಿದ್ದ. ಫೋರ್ಡಿನ ಹೊಟ್ಟೆಯೊಳಗೆ ಅದ್ಯಾವುದೂ ಕೂರಲೊಲ್ಲದು. ಎಂಜಿನ್ ಹಿಡಿದುಕೊಳ್ಳುವ ಕಬ್ಬಿಣದ ಕಿವಿಗಳನ್ನು ಕತ್ತರಿಸಿ ಹೊಸದಾಗಿ ಬೆಸೆದ. ಎಣ್ಣೆಯ ತೊಟ್ಟಿ ಅಡ್ಡಪಟ್ಟಿಗೆ ತಾಗುತ್ತದೆಂದು ಅದನ್ನೂ ಕೊಯ್ದು ತಿದ್ದಿದ. “ಇಬ್ರು ಸವತಿಯರನ್ನ ಒಂದೇ ಹಾಸಿಗೇಲಿ ಮಲಗಿಸಿದ ಹಾಗಿದೆ ಅಕ್ಕಾ. ಒಬ್ಳು ಈ ಕಡೆ ತಿರುಗಿದ್ರೆ ಇನ್ನೊಬ್ಳು ಒದೀತಾಳೆ” ಎಂದು ಕಾರಿನಡಿಯಿಂದ ಗೊಣಗಿದ. ನಾನು ದೀಪ ಹಿಡಿದು ನಿಂತೆ. ರೆಕ್ಸ್‌ಗೆ ಗೊತ್ತಾದರೆ ಏನೆನ್ನುತ್ತಾನೋ ಎಂಬ ಹೆದರಿಕೆ ಒಂದು ಕಡೆ, ಗೊತ್ತಾಗದೆ ಇರುತ್ತದೆಯೇ ಎಂಬುದು ಇನ್ನೊಂದು ಕಡೆ. ಏಕೆಂದರೆ ಈ ಊರಿನ ಗಂಡಸರು ಹೆಂಡತಿಯ ದನಿ ಗುರುತಿಸದಿದ್ದಾರು, ಎಂಜಿನ್ ಸದ್ದು ಗುರುತಿಸದೆ ಇರರು. ಬೀದಿಯಲ್ಲಿ ಕಾರು ಹೋದರೆ ಸಾಕು, ಬೆನ್ನು ತಿರುಗಿಸಿದ್ದವನೂ ಹೋಲ್ಡನ್ನೋ ಫೋರ್ಡೋ ಹೇಳುತ್ತಾನೆ.

ರೆಕ್ಸ್ ಮನೆಗೆ ಬಂದ ಮೇಲಿನ ಬೆಳಿಗ್ಗೆ. ಅಡುಗೆಮನೆಯಲ್ಲಿ ಕೂತು ಟೀಗೆ ಸಕ್ಕರೆ ಕಲಕುತ್ತಿದ್ದ. ನೆವ್ ಬಂದಿರುವುದನ್ನು ಹೇಳಿದ್ದೆ, ಏಕೆಂದು ಹೇಳಿರಲಿಲ್ಲ. ಅಷ್ಟರಲ್ಲಿ ಶೆಡ್ಡಿನೊಳಗೆ ಎಂಜಿನ್ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಹತ್ತಿಕೊಂಡಿತು. ಕಿಟಕಿಯ ಗಾಜು ನಡುಗಿತು.

ರೆಕ್ಸ್‌ನ ಚಮಚ ಲೋಟದಲ್ಲೇ ನಿಂತಿತು. ಬಹಳ ಹೊತ್ತು ಕೇಳಿಸಿಕೊಂಡ.

“ಪೋರ್ಟ್ ಅಗಸ್ಟಾದವನು ಕೊಟ್ನಾ?” ಎಂದ, ತಲೆ ಎತ್ತದೆ.

“ಹೂಂ” ಎಂದೆ.

“ಎಂಜಿನ್ ಟ್ಯಾಪೆಟ್ ಸ್ವಲ್ಪ ಟಕಟಕ ಸದ್ದು ಮಾಡ್ತಿದೆ.”

“ನೆವ್‌ಗೆ ಹೇಳ್ತೀನಿ.”

“ಬೇಡ ಬಿಡು” ಎಂದು ಟೀ ಕುಡಿದ.

ಗೊತ್ತಾಗಿತ್ತು. ಅವನಿಗೆ ಗೊತ್ತಾದದ್ದು ನನಗೆ ಗೊತ್ತಾಗಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಅವನು ಬೇಡ ಎನ್ನಲೇಬೇಕಾಗುತ್ತದೆ, ಬೇಡ ಎಂದರೆ ಜೆಟ್ಟಿ ಇಲ್ಲ. ಬಿಸಿ ತುಪ್ಪ! ನುಂಗಲೂ ಆಗದು, ಉಗುಳಲೂ ಆಗದು. ಅವತ್ತಿನಿಂದ ಆ ಮನೆಯಲ್ಲಿ ಎಂಜಿನ್ ಬಗ್ಗೆ ನಾವು ಆಡಿದ್ದೆಲ್ಲ ಸುಳ್ಳು. ಸೊಗಸಾದ ಸುಳ್ಳು, ಇಬ್ಬರೂ ಸೇರಿ ಮಡಿಚಿಟ್ಟದ್ದು.

ಬುಧವಾರ ಹೋಗುವುದೆಂದು ಗೊತ್ತುಮಾಡಿದೆ. ಭಾನುವಾರ ಬೇಡ. ಭಾನುವಾರ ಕ್ಲಬ್ಬಿನವರು ಜೆಟ್ಟಿಯ ಬಳಿ ಕಾರು ಸಾಲಾಗಿ ನಿಲ್ಲಿಸಿ ಬಾನೆಟ್ ಎತ್ತಿಡುತ್ತಾರೆ, ಒಬ್ಬರ ಎಂಜಿನ್ ಒಬ್ಬರು ಇಣುಕುತ್ತಾರೆ. ಹೊಸದಾಗಿ ರಸ್ತೆಗಿಳಿದ ಕಾರಾದರೆ ಮೊದಲು ಎಲ್ಲರೆದುರು ಬಾನೆಟ್ ಎತ್ತಲೇಬೇಕು. ಎತ್ತದವನನ್ನು ಸಾಯುವತನಕ ಆಡಿಕೊಳ್ಳುತ್ತಾರೆ. ಕಾರನ್ನು ರಸ್ತೆಗಿಳಿಸಲು ಒಂದು ದಿನದ ಪರವಾನಗಿ ತಂದೆ. ಕೈಯಲ್ಲಿ ಹಿಡಿಯುವ ಆಕ್ಸಿಜನ್ ಸಿಲಿಂಡರ್ ತುಂಬಿಸಿದೆ. ಡ್ರೈವಿಂಗ್ ಅವನಿಗೆ ಸಾಧ್ಯವಿರಲಿಲ್ಲ. ಕ್ಲಚ್ ಒತ್ತಿದರೆ ಉಸಿರು ನಿಲ್ಲುತ್ತಿತ್ತು.

“ನೀನು ಸ್ಟೀರಿಂಗು, ಕ್ಲಚ್ಚು. ಗೇರು ನಂದು” ಎಂದ. “ಈಗ ಅಂದಾಗ ಒತ್ತು.”

“ನಲವತ್ತು ವರ್ಷ ಈ ಕಾರಿನ ಸ್ಟೀರಿಂಗು ಮುಟ್ಟೋಕೆ ಬಿಟ್ಟಿರ್ಲಿಲ್ಲ ನನ್ನ!”

“ನಿಂದು ಹೋಲ್ಡನ್ ಕಾಲು. ಅದಕ್ಕೇ.”

ನಾನೂ ನಕ್ಕೆ, ಅವನೂ ನಕ್ಕ. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಬುಧವಾರ ಅವನು ಕೊಳವೆ ಕಳಚಿ, ಸಿಲಿಂಡರ್ ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದ. ಅಂಗಳವನ್ನು ನಿಂತು ನಿಂತು ನಡೆದ. ಶೆಡ್ಡಿನಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಅವನು ಎತ್ತಲಿಲ್ಲ. “ಪೇಂಟು ಚೆನ್ನಾಗಿ ಬಂದಿದೆ” ಎಂದಷ್ಟೇ ಹೇಳಿ, ಎಡಗಡೆಯ ಸೀಟಿನಲ್ಲಿ ಕೂತ.

ಆ ದಾರಿ ನನಗೆ ಸಾಯುವವರೆಗೂ ಮರೆಯದು. ಅವನು ಕಿವಿಯಿಂದಲೇ ಓಡಿಸಿದ. ಎಂಜಿನ್ ದನಿ ಏರುತ್ತಿದ್ದಂತೆ “ಈಗ” ಎನ್ನುತ್ತಿದ್ದ, ನಾನು ಕ್ಲಚ್ ಒತ್ತುತ್ತಿದ್ದೆ, ಅವನ ಒಣಗಿದ ಕೈ ಗೇರನ್ನು ಬೆಣ್ಣೆಯಲ್ಲಿ ಚಾಕು ಹಾಕಿದ ಹಾಗೆ ತಳ್ಳುತ್ತಿತ್ತು. ಒಂದು ಸಲವೂ ಗೇರು ಕಿರುಗುಟ್ಟಲಿಲ್ಲ. ಮೊದಲ ಸಲ ಆ ಕಾರಿನಲ್ಲಿ ನಾನೂ ಒಬ್ಬಳು ಎನಿಸಿತು. ಕೊನೆಯ ತಿರುವು ದಾಟಿ ಸಮುದ್ರ ಕಂಡಾಗ “ಅಯ್ಯೋ ದೇವರೇ” ಎಂದೆ. ಸಮುದ್ರ ಕಂಡು ಅಲ್ಲ.

ಜೆಟ್ಟಿಯ ಮುಂದೆ ಇಡೀ ಕ್ಲಬ್ಬು ನಿಂತಿತ್ತು. ಕಾರುಗಳ ಸಾಲು, ಎಲ್ಲದರ ಬಾನೆಟ್ಟೂ ಮೇಲೆ, ಎಲ್ಲದರ ಎಂಜಿನ್ನೂ ಚಾಲೂ, ಎಲ್ಲರ ಕೈಯೂ ಹಾರನ್ ಮೇಲೆ. ತಪ್ಪು ನನ್ನದೇ. ಪಾಸ್ಟಿ ಅಂಗಡಿಯವಳಿಗೆ, “ಬುಧವಾರ ಎರಡು ಜಾಸ್ತಿ ಇಡಮ್ಮ, ಜೆಟ್ಟಿಲಿ ತಿಂತೀವಿ, ಫಾಲ್ಕನ್‌ನಲ್ಲಿ ಹೋಗ್ತಿದೀವಿ” ಎಂದಿದ್ದೆ. ಆ ಅಂಗಡಿಯಲ್ಲಿ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ.

ಉತ್ತರದಿಂದ ಬಂದಿಳಿದಿದ್ದ ಡಡ್ಲಿ ಟೋಪಿ ಬೀಸಿ ನಮ್ಮನ್ನು ಸಾಲಿನ ನಡುವಿಗೆ ಕರೆದ. ನಾನು ನಿಲ್ಲಿಸುತ್ತಿದ್ದಂತೆ ಹಿಂದೆ ಇನ್ನೆರಡು ಕಾರು ಬಂದು ಅಡ್ಡ ನಿಂತವು. ಗಡಿಬಿಡಿಯಲ್ಲಿ ಎಂಜಿನ್ ಆರಿಸಿದೆ. ಅವರೂ ಆರಿಸಿದರು. ಗಾಳಿ, ಕಡಲಕ್ಕಿಗಳ ಕೂಗು, ಅಷ್ಟೇ. ಮುಂದೆ ಸಮುದ್ರ, ಎರಡು ಪಕ್ಕ ಕಾರು, ಹಿಂದೆಯೂ ಕಾರು. ಮತ್ತೆ ಸ್ಟಾರ್ಟ್ ಮಾಡಿದರೆ ಆ ಮೌನದಲ್ಲಿ ಸದ್ದೇ ಹೇಳಿಬಿಡುತ್ತದೆ, ಬಾನೆಟ್ ಎತ್ತಿದರೆ ಕಣ್ಣಿಗೇ ಕಾಣುತ್ತದೆ. ಬಲೆಗೆ ಬಿದ್ದ ಮೀನಾದರೂ ಒದ್ದಾಡುತ್ತದೆ, ನಮಗೆ ಅದಕ್ಕೂ ಜಾಗವಿರಲಿಲ್ಲ.

“ಲೇ ರೆಕ್ಸ್! ಬಂದ್ಯಲ್ಲೋ ಮುದಿಯಾ!” ಡಡ್ಲಿಯ ಕಣ್ಣು ಒದ್ದೆಯಾಗಿತ್ತು. “ಎತ್ತು ಬಾನೆಟ್ಟು. ಪೋರ್ಟ್ ಅಗಸ್ಟಾದವನು ಇನ್ನೂ ಎಂಜಿನ್ ಕಳಿಸಿಲ್ಲ ಅಂತಿದ್ದ, ನಿಂಗೆ ಎಲ್ಲಿ ಸಿಕ್ತು?”

“ಬಾನೆಟ್ ಬೀಗ ಸಿಕ್ಕಾಕ್ಕೊಂಡಿದೆ ಡಡ್ಲಿ” ಎಂದೆ ನಾನು.

“ಅದಕ್ಯಾಕೆ ಯೋಚ್ನೆ, ಸ್ಕ್ರೂಡ್ರೈವರ್ ತರ್ತೀನಿ.”

“ಅವನಿಗೆ ಸುಸ್ತಾಗಿದೆ. ಸಿಲಿಂಡರ್ ಮುಗೀತಾ ಬಂತು. ದಾರಿ ಬಿಡಿ, ಮನೆಗೆ ಹೋಗ್ಬೇಕು.”

“ಒಂದು ನಿಮಿಷ ಗ್ಲೆನಿಸ್! ಇಷ್ಟು ವರ್ಷ ಕಾದಿದೀವಿ, ಒಂದು ನಿಮಿಷ ನೋಡೋಕೆ ಬಿಡಮ್ಮ.” ಸುತ್ತ ನಿಂತವರೆಲ್ಲ ತಾಳ ಹಾಕಿದರು: “ಎತ್ತು! ಎತ್ತು!”

ಅವರ ಪ್ರೀತಿಯೇ ನಮ್ಮ ಕುತ್ತಿಗೆ ಹಿಡಿದಿತ್ತು. ಬೈಯುವುದಕ್ಕೂ ಬಾಯಿ ಬರಲಿಲ್ಲ. ರೆಕ್ಸ್‌ನ ಮುಖ ನೋಡಿದೆ, ಸುಣ್ಣದ ಹಾಗಿತ್ತು. ಈ ಗಂಡಸರೆದುರು ಅವನು ಕೊನೆಯ ಸಲ ನಿಲ್ಲುವುದು ಹೀಗೆ ನಗೆಪಾಟಲಾಗಿಯೇ? ಇಳಿದು, ನಾನೇ ಮಾಡಿದ್ದು, ಅವನಿಗೆ ಗೊತ್ತಿಲ್ಲ ಎಂದು ಹೇಳಿಬಿಡೋಣ ಎಂದು ಬಾಗಿಲಿಗೆ ಕೈ ಹಾಕಿದೆ. ಅವನು ನನ್ನ ಮಣಿಕಟ್ಟು ಹಿಡಿದ.

“ಟ್ಯಾಪೆಟ್ ಸದ್ದು ಅಂದೆ, ನೆನಪಿದ್ಯಾ?” ಎಂದ ಮೆಲ್ಲಗೆ. “ಗೇಟಿನಾಚೆ ನಿಂತು ಅಷ್ಟು ವರ್ಷ ಅದೇ ಸದ್ದು ಮಾಡ್ತಿತ್ತು. ಅಡುಗೆಮನೇಲಿ ಕೂತು ಕೇಳಿದೀನಿ. ಎದ್ದು ಬರ್ಲಿಲ್ಲ ಅಷ್ಟೇ.”

ನಾನು ಬಾಗಿಲಿನಿಂದ ಕೈ ತೆಗೆದೆ.

ಅವನು ಬಗ್ಗಿ ತಾನೇ ಬಾನೆಟ್ಟಿನ ಒಳಗಿನ ಹಿಡಿ ಎಳೆದ. ಸಿಲಿಂಡರ್ ಎತ್ತಿಕೊಂಡು ಇಳಿದು, ಕಾರು ಹಿಡಿದುಕೊಂಡು ಮುಂದಕ್ಕೆ ಹೋಗಿ ಬಾನೆಟ್ ಎತ್ತಿದ.

ಡಡ್ಲಿ ಬಗ್ಗಿ ನೋಡಿದ, ಎದ್ದು ನಿಂತ, ಮತ್ತೆ ಬಗ್ಗಿದ.

“ರೆಕ್ಸ್... ಇದು ಹೋಲ್ಡನ್ನು.”

“ಕಣ್ಣು ನೆಟ್ಟಗಿದೆ ನಿಂಗೆ.”

“ಯಾರೋ ಈ ಕೆಲ್ಸ ಮಾಡಿದ್ದು? ಯಾರದ್ದಿದು?”

ರೆಕ್ಸ್ ಉಸಿರು ಎಳೆದುಕೊಂಡ.

“ನಮ್ಮ ಮಾವಂದು” ಎಂದ.

“ಯಾವ ಮಾವ?”

“ಒಬ್ಬನಿಗೆ ಎಷ್ಟು ಜನ ಮಾವಂದಿರೋ ಇರ್ತಾರೆ? ಲೆನ್. ಗ್ಲೆನಿಸ್ ಅಪ್ಪ.” ಮತ್ತೆ ಉಸಿರು. “ನನ್ನ ಎಂಜಿನ್‌ನ ನಾನೇ ಬೋರ್ ನೀರು ಕುಡಿಸಿ ಕೊಂದೆ. ಅವರು ಅವರದನ್ನ ಸರಿಯಾಗಿ ನೋಡ್ಕೊಂಡಿದ್ರು.”

ಹಿಂದಿನಿಂದ ಯಾರೋ ಮುದುಕ, “ಬಾನೆಟ್ ಮುಚ್ರಪ್ಪಾ, ನಮ್ಮ ಫೋರ್ಡುಗಳು ನೋಡಿ ಕೆಟ್ಟೋದಾವು” ಎಂದ. ನಗು ಎದ್ದಿತು. ಡಡ್ಲಿ ಮಾತ್ರ ನಗಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, “ಸ್ಟಾರ್ಟ್ ಮಾಡಮ್ಮ ಗ್ಲೆನಿಸ್, ಕೇಳೋಣ” ಎಂದ. ಮಾಡಿದೆ. ಅಪ್ಪನ ಎಂಜಿನ್ ಅವರೆಲ್ಲರ ನಡುವೆ ಗುಡುಗಿತು. ಜೆಟ್ಟಿಯ ಮೇಲೆ ರೆಕ್ಸ್ ಹತ್ತು ಹೆಜ್ಜೆಯೂ ನಡೆಯಲಿಲ್ಲ, ಪಾಸ್ಟಿಯನ್ನು ಒಂದು ತುತ್ತು ತಿಂದು ಇಟ್ಟ. ಆದರೆ ಸಮುದ್ರದ ಕಡೆ ಮುಖ ಮಾಡಿ ಕೂತವನು ಹೊಸ್ತಿಲ ಕುರ್ಚಿಯಲ್ಲಿ ಕೂರುವವನ ಹಾಗೆ ಕಾಣಲಿಲ್ಲ.

ವಾಪಸ್ಸು ಬರುವಾಗ ಅವನ ಮಾತು “ಈಗ” ಎನ್ನುವುದೊಂದೇ. ಸಿಲಿಂಡರಿನ ಮುಳ್ಳು ಕೆಂಪಿಗೆ ಇಳಿದಿತ್ತು. ಮನೆಯಲ್ಲಿ ಯಂತ್ರ ಕಾಯುತ್ತಿತ್ತು, ಕೊಳವೆ ಕಾಯುತ್ತಿತ್ತು, ಮತ್ತೆ ಅದೇ ಹೊಸ್ತಿಲು. ಅದು ತಪ್ಪುವುದಿಲ್ಲ, ಇಬ್ಬರಿಗೂ ಗೊತ್ತಿತ್ತು.

ಗೇಟು ತೆರೆದೇ ಇತ್ತು. ಆದರೂ ಗೇಟಿನ ಮುಂದೆ ನನ್ನ ಕಾಲು ಬ್ರೇಕ್ ಒತ್ತಿಬಿಟ್ಟಿತು. ನಾನು ಬೇಕೆಂದು ಮಾಡಿದ್ದಲ್ಲ. ಆ ಸದ್ದು ಆ ಜಾಗದಲ್ಲಿ ನಿಲ್ಲುವುದನ್ನೇ ನಾನು ಜೀವಮಾನವೆಲ್ಲ ಕೇಳಿದ್ದೆ. ಕಾರು ಗುಡುಗುಡು ಎನ್ನುತ್ತ ನಿಂತಿತು, ಟ್ಯಾಪೆಟ್ ಟಕಟಕ ಎನ್ನುತ್ತಿತ್ತು, ನೀಲಿ ಫಲಕ ಎದುರಿಗಿತ್ತು. ನನಗೆ ಅಳು ಬಂತು.

“ಯಾಕೆ ನಿಂತೆ?” ಎಂದ ರೆಕ್ಸ್.

“ಗೇಟು” ಎಂದೆ.

ಅವನು ಫಲಕವನ್ನು ನೋಡಿದ. ಆಮೇಲೆ ಕೈ ಗೇರಿನ ಮೇಲಿಟ್ಟ. ನಾನು ಕ್ಲಚ್ ಒತ್ತಿದೆ, ಅವನು ಫಸ್ಟ್ ಗೇರಿಗೆ ತಳ್ಳಿದ.

“ನಡಿ ಒಳಗೆ” ಎಂದ. “ಇನ್ನೂ ಎಷ್ಟು ವರ್ಷ ಅಂತ ಅವರು ತಣ್ಣಗಿರೋ ಟೀ ಕುಡೀಬೇಕು?”

ನಾನು ಮೆಲ್ಲಗೆ ಕ್ಲಚ್ ಬಿಟ್ಟೆ.